ಅರ್ಜಿ ತಲುಪಿತೇ? ಜಾಲಪುಟದ ನಮೂನೆಗಳಲ್ಲಿ ಪೂರ್ಣ ಮರುಟಪಾಲು ಮತ್ತು ಭಾಗಶಃ ನವೀಕರಣ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿಕೊಂಡಾಗ, ನಾನು ಶಾಲೆಯ ಹಳೆಯ ನೆನಪುಗಳನ್ನು ಬರೆಯುವೆನೆಂದು ಅವರು ಎಣಿಸಿದ್ದಿರಬೇಕು. ನೆನಪುಗಳನ್ನು ನನಗಿಂತ ಸೊಗಸಾಗಿ ಬರೆಯಬಲ್ಲವರು ಹಲವರಿದ್ದಾರೆ. ಅಕ್ಕಲಕೋಟೆ ತಾಲೂಕಿನ ಹಳ್ಳಿಯೊಂದರಲ್ಲಿ ಹುಟ್ಟಿ, ಮ್ಯಾಟ್ರಿಕ್‌ವರೆಗೆ ಕನ್ನಡ ಮಾಧ್ಯಮದಲ್ಲಿಯೇ ಓದಿ, ಶಿಕ್ಷಕ ತರಬೇತಿ ಮುಗಿಸಿ, 2008ರಲ್ಲಿ ಮುಖ್ಯಾಧ್ಯಾಪಕನಾಗಿ ನಿವೃತ್ತನಾದ ನಾನು ಬಲ್ಲ ಕೆಲಸವೆಂದರೆ ಪಾಠ ಹೇಳುವುದೊಂದೇ. ಆದುದರಿಂದ ಇಲ್ಲಿಯೂ ಒಂದು ಪಾಠವನ್ನೇ ಹೇಳಲು ಮನಸ್ಸು ಮಾಡಿದ್ದೇನೆ.

ಪಾಠದ ವಿಷಯ ಕೆಲವರಿಗೆ ವಿಚಿತ್ರವೆನಿಸಬಹುದು. ಗಣಕಯಂತ್ರದಲ್ಲಿ ಅರ್ಜಿ ತುಂಬುವಾಗ ಪುಟವು ಒಮ್ಮೊಮ್ಮೆ ಇಡಿಯಾಗಿ ಮಾಯವಾಗಿ ಮತ್ತೆ ಬರುವುದೇಕೆ? ಒಮ್ಮೊಮ್ಮೆ ಅದರ ಒಂದು ಮೂಲೆ ಮಾತ್ರ ಬದಲಾಗುವುದೇಕೆ? ನಮೂನೆಯನ್ನು ರಚಿಸುವವರು ಇವೆರಡನ್ನೂ ಹೇಗೆ ನಿರ್ವಹಿಸಬೇಕು? ಎಪ್ಪತ್ತು ದಾಟಿದ ಹಳ್ಳಿಯ ಮಾಸ್ತರನಿಗೆ ಈ ವಿದ್ಯೆಯ ಗೊಡವೆ ಏಕೆಂದು ಓದುಗರು ಕೇಳಿದರೆ ತಪ್ಪಿಲ್ಲ. ಅದಕ್ಕೆ ಉತ್ತರವಾಗಿ ಒಂದು ಘಟನೆಯನ್ನು ಮೊದಲು ನಿವೇದಿಸಬೇಕಾಗಿದೆ.

1. ಇನ್ನೊಮ್ಮೆ ಒತ್ತು ಎಂದ ಮಾತು

2012ರ ಜೂನ್ ತಿಂಗಳು. ನಮ್ಮ ಶಾಲೆಯಲ್ಲಿ ಓದಿ, ಮುಂದೆ ಹನ್ನೆರಡನೆಯ ಇಯತ್ತೆಯನ್ನು ಪಾಸು ಮಾಡಿದ್ದ ಒಬ್ಬ ವಿದ್ಯಾರ್ಥಿನಿ ಶಿಕ್ಷಕ ತರಬೇತಿಗೆ ಅರ್ಜಿ ಹಾಕಬೇಕಾಗಿತ್ತು. ಕನ್ನಡ ಶಾಲೆಯ ಬಾಯಿಯಾಗಬೇಕೆಂಬುದು ಅವಳ ಹಂಬಲ. ನಮ್ಮ ಕಡೆ ಶಿಕ್ಷಕಿಯನ್ನು ಬಾಯಿ ಎಂದು ಕರೆಯುವುದು ರೂಢಿ. ಅವಳ ತಂದೆಗೆ ಮರಾಠಿಯಾಗಲಿ ಇಂಗ್ಲಿಷಾಗಲಿ ಓದಲು ಬಾರದ ಕಾರಣ ನಾನೇ ಜೊತೆಯಲ್ಲಿ ಹೋಗಿದ್ದೆ. ಅರ್ಜಿಯ ಕೊನೆಯ ದಿನ. ಗಣಕಯಂತ್ರದ ಅಂಗಡಿಯಲ್ಲಿ ಸಾಲು ದೊಡ್ಡದಿತ್ತು. ನಮ್ಮ ಸರದಿ ಬಂದಾಗ ಸಂಜೆಯಾಗಿತ್ತು.

ಹುಡುಗಿ ಹೆಸರು, ಜನ್ಮ ದಿನಾಂಕ, ಅಂಕಗಳನ್ನು ತುಂಬಿ ಭಾವಚಿತ್ರವನ್ನು ಆರಿಸಿದಳು. ಅನಂತರ ಜಿಲ್ಲೆಯ ಪಟ್ಟಿಯಲ್ಲಿ ಸೋಲಾಪುರವನ್ನು ಆರಿಸಿದೊಡನೆ ಪುಟವೆಲ್ಲ ಬಿಳಿಯಾಯಿತು. ಅರ್ಧ ನಿಮಿಷದ ಮೇಲೆ ಮರಳಿ ಬಂದಾಗ ತಾಲೂಕಿನ ಪಟ್ಟಿ ಬಂದಿತ್ತು; ಆದರೆ ಭಾವಚಿತ್ರ ಇರಲಿಲ್ಲ. ಮತ್ತೆ ಆರಿಸಿದಳು. ತಾಲೂಕನ್ನು ಆರಿಸಿದಾಗ ಮತ್ತೆ ಅದೇ ಕಥೆ. ಕೊನೆಗೆ ಎಲ್ಲವನ್ನೂ ತುಂಬಿ, ಸಲ್ಲಿಸುವ ಗುಂಡಿಯನ್ನು ಒತ್ತಿದಾಗ ಪುಟ ಕದಲಲೇ ಇಲ್ಲ. ಬಿಳಿಯಾಗಲಿಲ್ಲ, ಸಂದೇಶ ಬರಲಿಲ್ಲ, ಏನೂ ಇಲ್ಲ. ಅವಳು ನನ್ನ ಮುಖ ನೋಡಿದಳು.

"ಹೋಗಿಲ್ಲ ಮಗಳೇ, ಇನ್ನೊಮ್ಮೆ ಒತ್ತು" ಎಂದೆ.

ಅವಳು ಒತ್ತಿದಳು. ಹತ್ತು ದಿನಗಳ ಅನಂತರ, ಒಬ್ಬಳೇ ಅಭ್ಯರ್ಥಿಯಿಂದ ಎರಡು ಅರ್ಜಿಗಳು ಬಂದಿವೆಯೆಂಬ ಕಾರಣದಿಂದ ಎರಡನ್ನೂ ತಿರಸ್ಕರಿಸಿದ ಸುದ್ದಿ ಬಂದಿತು. ನಾನು ಬಸ್ಸು ಹಿಡಿದು ಹೋಗಿ ವಿಚಾರಿಸಿದರೂ ಪ್ರಯೋಜನವಾಗಲಿಲ್ಲ. ಮುಂದಿನ ವರ್ಷದವರೆಗೆ ಅವಳ ಮನೆಯವರು ಕಾಯಲಿಲ್ಲ. ಬೇಸಿಗೆಯಲ್ಲಿ ಅವಳ ಮದುವೆಯಾಯಿತು.

ಮೊದಲನೆಯ ಅರ್ಜಿ ಹೋಗಿತ್ತು. ಹೋಗಿಲ್ಲವೆಂದು ಹೇಳಿದವನು ನಾನು. ನಮೂನೆಯನ್ನು ರಚಿಸಿದವರ ತಪ್ಪು ಎಷ್ಟೇ ಇರಲಿ, ತಿಳಿಯದ ಸಂಗತಿಯನ್ನು ತಿಳಿದವನಂತೆ ಹೇಳಿದ ತಪ್ಪು ನನ್ನದು. ಮೂವತ್ತೆಂಟು ವರ್ಷ ಪಾಠ ಹೇಳಿದವನಿಗೆ ಅದು ಸಣ್ಣ ತಪ್ಪಲ್ಲ. ಅಂದಿನಿಂದ ಈ ಯಂತ್ರದ ಒಳಗಿನ ವ್ಯವಹಾರವನ್ನು ಅರಿಯಬೇಕೆಂಬ ಹಟ ನನ್ನಲ್ಲಿ ಬೆಳೆಯಿತು.

2. ಪೂರ್ಣ ಮರುಟಪಾಲು

ಪುಣೆಯಲ್ಲಿ ತಂತ್ರಾಂಶದ ಕೆಲಸದಲ್ಲಿರುವ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನು ನನಗೆ ಗುರುವಾದನು. ಪ್ರತಿ ದೀಪಾವಳಿಯ ರಜೆಯಲ್ಲಿ ಊರಿಗೆ ಬಂದಾಗ ತನ್ನ ಚಿಕ್ಕ ಗಣಕಯಂತ್ರವನ್ನು ತೆರೆದು ನನಗೆ ತೋರಿಸುತ್ತಿದ್ದನು. ಅವನು ಇಂದಿಗೂ ನಿರ್ವಹಿಸುತ್ತಿರುವ ಹಳೆಯ ಪುಟಗಳು ಮೈಕ್ರೋಸಾಫ್ಟ್ ಸಂಸ್ಥೆಯು 2002ರಲ್ಲಿ ಹೊರತಂದ ಎಎಸ್‌ಪಿ ಡಾಟ್ ನೆಟ್ ವೆಬ್ ಫಾರ್ಮ್ಸ್ ಎಂಬ ವಿಧಾನದವು. ಆದುದರಿಂದ ಆ ವಿಧಾನದಲ್ಲಿಯೇ ನಾನು ಈ ವಿದ್ಯೆಯನ್ನು ಕಲಿತೆ.

ಜಾಲಪುಟದ ವ್ಯವಹಾರದಲ್ಲಿ ಇಬ್ಬರಿದ್ದಾರೆ. ನಮ್ಮ ಕಣ್ಣೆದುರಿಗೆ ಪುಟವನ್ನು ತೋರಿಸುವುದು ಬ್ರೌಸರ್. ದೂರದಲ್ಲಿ ಕುಳಿತು ಪುಟವನ್ನು ಸಿದ್ಧಪಡಿಸಿ ಕಳುಹಿಸುವುದು ಸರ್ವರ್. ನಾವು ತುಂಬಿದುದನ್ನೆಲ್ಲ ಬ್ರೌಸರ್ ಒಂದು ಲಕೋಟೆಯಲ್ಲಿ ಹಾಕಿ ಸರ್ವರ್‌ಗೆ ರವಾನಿಸುತ್ತದೆ. ಸರ್ವರ್ ಅದನ್ನು ಓದಿ, ಅದೇ ಪುಟವನ್ನು ಹೊಸದಾಗಿ ಬರೆದು ಹಿಂದಕ್ಕೆ ಕಳುಹಿಸುತ್ತದೆ. ಪುಟವು ತನ್ನನ್ನು ತನ್ನ ಮೂಲಕ್ಕೇ ಮರಳಿ ರವಾನಿಸಿಕೊಳ್ಳುವ ಈ ಕ್ರಿಯೆಗೆ ಪೋಸ್ಟ್‌ಬ್ಯಾಕ್ ಎಂದು ಹೆಸರು. "ಮರುಟಪಾಲಿಗೆ ಉತ್ತರ ಬರೆಯಿರಿ" ಎಂದು ಕಾಗದದ ಕೊನೆಯಲ್ಲಿ ಬರೆಯುತ್ತಿದ್ದ ಕಾಲದವನಾದ ನಾನು ಇದನ್ನು ಮರುಟಪಾಲು ಎಂದೇ ಕರೆಯುತ್ತೇನೆ.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿ ಒಂದಿದೆ. ಸರ್ವರ್ ಸ್ವಭಾವತಃ ಮರೆಗುಳಿ. ಪುಟವನ್ನು ಕಳುಹಿಸಿದ ಕೂಡಲೇ ಅದಕ್ಕೆ ಆ ಪುಟದ ನೆನಪು ಇರುವುದಿಲ್ಲ. ಮುಂದಿನ ಟಪಾಲು ಬಂದಾಗ ಇದು ಯಾವ ಪುಟ, ಅದರಲ್ಲಿ ಮೊದಲು ಏನಿತ್ತು ಎಂಬುದನ್ನು ಟಪಾಲಿನಿಂದಲೇ ತಿಳಿದುಕೊಳ್ಳಬೇಕು. ಅದಕ್ಕಾಗಿ ಪುಟದೊಳಗೆ ಕಣ್ಣಿಗೆ ಕಾಣದ ಒಂದು ಚೀಟಿಯನ್ನು ಅಡಗಿಸಿಟ್ಟಿರುತ್ತಾರೆ. ಅದರ ಹೆಸರು ವ್ಯೂಸ್ಟೇಟ್. ನಾವು ಪೆಟ್ಟಿಗೆಗಳಲ್ಲಿ ಬರೆದ ಅಕ್ಷರಗಳು ಟಪಾಲಿನೊಡನೆ ತಾವಾಗಿಯೇ ಹೋಗುತ್ತವೆ. ಸರ್ವರ್ ತಾನು ಮೊದಲು ತುಂಬಿಸಿದ ಪಟ್ಟಿ ಮೊದಲಾದವುಗಳ ನೆನಪು ಈ ಚೀಟಿಯಲ್ಲಿ ಹೋಗುತ್ತದೆ.

ಹೀಗಿದ್ದೂ ಪುಟ ಮರಳಿ ಬಂದಾಗ ಕೆಲವು ಸಂಗತಿಗಳು ಅಳಿಸಿಹೋಗುವುದೇಕೆ? ಮೂರು ಕಾರಣಗಳನ್ನು ನಾನು ಕಲಿತೆ.

ಮೊದಲನೆಯದಾಗಿ, ಆರಿಸಿದ ಭಾವಚಿತ್ರದ ಕಡತವನ್ನು ಬ್ರೌಸರ್ ಹೊಸ ಪುಟದಲ್ಲಿ ತಾನಾಗಿ ಮತ್ತೆ ತುಂಬುವುದಿಲ್ಲ. ಇದು ದೋಷವಲ್ಲ, ರಕ್ಷಣೆ. ನಮ್ಮ ಯಂತ್ರದಲ್ಲಿರುವ ಕಡತವನ್ನು ಯಾವುದೋ ಪುಟವು ನಮಗೆ ತಿಳಿಯದಂತೆ ಆರಿಸಿಕೊಳ್ಳಬಾರದೆಂಬ ಕಟ್ಟಳೆ ಅದು. ಗುಪ್ತಪದದ ಪೆಟ್ಟಿಗೆಯೂ ಇಂಥದೇ ಕಾರಣದಿಂದ ಬರಿದಾಗುತ್ತದೆ.

ಎರಡನೆಯದಾಗಿ, ರಚಿಸಿದವರ ಅಜಾಗರೂಕತೆ. ಪುಟವು ಮೊದಲ ಬಾರಿ ತೆರೆಯುತ್ತಿದೆಯೋ ಅಥವಾ ಮರುಟಪಾಲಿನಲ್ಲಿ ಬಂದಿದೆಯೋ ಎಂದು ತಿಳಿಯಲು ಇಸ್‌ಪೋಸ್ಟ್‌ಬ್ಯಾಕ್ ಎಂಬ ಒಂದು ಪ್ರಶ್ನೆಯಿದೆ. ಜಿಲ್ಲೆಗಳ ಪಟ್ಟಿಯನ್ನು ಮೊದಲ ಬಾರಿ ಮಾತ್ರ ತುಂಬಬೇಕು. ಈ ಪ್ರಶ್ನೆಯನ್ನು ಕೇಳದೆ ಪ್ರತಿ ಸಲವೂ ತುಂಬಿದರೆ, ನಾವು ಸೋಲಾಪುರವನ್ನು ಆರಿಸಿದ್ದರೂ ಪಟ್ಟಿಯು ಮತ್ತೆ ತನ್ನ ಮೊದಲನೆಯ ಹೆಸರಿಗೆ ಮರಳುತ್ತದೆ. ಪ್ರತಿದಿನವೂ ಹಾಜರಿ ಪುಸ್ತಕವನ್ನು ಹೊಸದಾಗಿ ಬರೆಯುವ ಮಾಸ್ತರನು ನಿನ್ನೆಯ ಹಾಜರಿಯನ್ನು ಕಳೆದುಕೊಂಡಂತೆಯೇ ಇದು.

ಮೂರನೆಯದಾಗಿ, ಸರ್ವರ್‌ನ ಲೆಕ್ಕಕ್ಕೆ ಸೇರಿಸದ ಪೆಟ್ಟಿಗೆಗಳು. ಅವುಗಳಲ್ಲಿ ಬರೆದುದು ಟಪಾಲಿನಲ್ಲಿ ಹೋದರೂ ಹೊಸ ಪುಟದಲ್ಲಿ ಅದನ್ನು ಮತ್ತೆ ಬರೆಯುವವರು ಯಾರೂ ಇರುವುದಿಲ್ಲ.

3. ಭಾಗಶಃ ನವೀಕರಣ

ಒಂದು ಪಟ್ಟಿಗಾಗಿ ಇಡೀ ಪುಟವನ್ನು ಬದಲಿಸುವುದೆಂದರೆ, ಕರಿಹಲಗೆಯ ಮೇಲಿನ ಒಂದು ಅಂಕಿ ತಪ್ಪಿದಾಗ ಹಲಗೆಯನ್ನೆಲ್ಲ ಒರೆಸಿ ಮೊದಲಿನಿಂದ ಬರೆದಂತೆ. ಜಾಣ ಮಾಸ್ತರನು ಆ ಅಂಕಿಯನ್ನಷ್ಟೇ ಒರೆಸುತ್ತಾನೆ. ಜಾಲಪುಟದಲ್ಲಿ ಹೀಗೆ ಮಾಡುವ ಸಾಧನ ಹಿಂದಿನಿಂದಲೂ ಇತ್ತು. ಪುಟವನ್ನು ಕದಲಿಸದೆ ಹಿನ್ನೆಲೆಯಲ್ಲಿ ಸರ್ವರ್‌ನೊಡನೆ ಮಾತಾಡುವ ಸೌಕರ್ಯವನ್ನು 1999ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ ಬ್ರೌಸರ್‌ನ 5ನೆಯ ಆವೃತ್ತಿಯಲ್ಲಿ ಸೇರಿಸಲಾಯಿತು. 2005ರ ಫೆಬ್ರುವರಿಯಲ್ಲಿ ಅಮೆರಿಕದ ಜೆಸ್ಸಿ ಜೇಮ್ಸ್ ಗ್ಯಾರೆಟ್ ಅವರು ತಮ್ಮ ಲೇಖನವೊಂದರಲ್ಲಿ ಈ ಪದ್ಧತಿಗೆ ಅಜಾಕ್ಸ್ ಎಂಬ ಹೆಸರಿಟ್ಟರು. ವೆಬ್ ಫಾರ್ಮ್ಸ್ ವಿಧಾನಕ್ಕೆ ಈ ಸೌಕರ್ಯ 2007ರ ಜನವರಿಯಲ್ಲಿ ಬಂದಿತು.

ಅದರ ಬಳಕೆ ಬಹು ಸುಲಭ. ಪುಟದಲ್ಲಿ ಸ್ಕ್ರಿಪ್ಟ್ ಮ್ಯಾನೇಜರ್ ಎಂಬ ಒಬ್ಬ ಮೇಲ್ವಿಚಾರಕನನ್ನು ಇಡಬೇಕು. ಯಾವ ಭಾಗ ಮಾತ್ರ ಬದಲಾಗಬೇಕೋ ಅದರ ಸುತ್ತ ಅಪ್‌ಡೇಟ್ ಪ್ಯಾನೆಲ್ ಎಂಬ ಚೌಕಟ್ಟನ್ನು ಹಾಕಬೇಕು. ಆ ಚೌಕಟ್ಟಿನೊಳಗಿನ ಪಟ್ಟಿಯನ್ನು ಬದಲಿಸಿದಾಗ ಪುಟ ಬಿಳಿಯಾಗುವುದಿಲ್ಲ. ಚೌಕಟ್ಟಿನ ಒಳಗು ಮಾತ್ರ ಬದಲಾಗುತ್ತದೆ.

ಆದರೆ ಸುಲಭವಾದುದರಲ್ಲಿಯೇ ಭ್ರಮೆ ಹೆಚ್ಚು. ಚೌಕಟ್ಟಿನ ಒಳಗಿರುವುದು ಮಾತ್ರ ಸರ್ವರ್‌ಗೆ ಹೋಗುತ್ತದೆಂದು ನಾನು ಬಹುಕಾಲ ನಂಬಿದ್ದೆ. ನನ್ನ ಶಿಷ್ಯಗುರು ನಕ್ಕು, "ಗುರುಗಳೇ, ಜನರಲ್ ರಜಿಸ್ಟರಿನ ಒಂದು ಹೆಸರು ತಿದ್ದಬೇಕಾದರೆ ತಾವು ಏನು ಮಾಡುತ್ತಿದ್ದಿರಿ?" ಎಂದು ಕೇಳಿದನು.

"ರಜಿಸ್ಟರನ್ನೇ ತಾಲೂಕಿನ ಕಚೇರಿಗೆ ಒಯ್ಯುತ್ತಿದ್ದೆ. ಸಾಹೇಬರು ನೋಡಿ ಒಪ್ಪಿಗೆಯ ಒಂದು ಚೀಟಿ ಕೊಡುತ್ತಿದ್ದರು."

"ಇಲ್ಲಿಯೂ ಅಷ್ಟೇ. ಹೋಗುವಾಗ ಇಡೀ ರಜಿಸ್ಟರು, ಬರುವಾಗ ಚೀಟಿ ಮಾತ್ರ."

ಅವನ ಮಾತು ಅಕ್ಷರಶಃ ಸತ್ಯ. ಭಾಗಶಃ ನವೀಕರಣದಲ್ಲಿಯೂ ನಮೂನೆಯಲ್ಲಿ ತುಂಬಿದುದೆಲ್ಲವೂ, ಅಡಗಿರುವ ವ್ಯೂಸ್ಟೇಟ್ ಚೀಟಿಯ ಸಮೇತ, ಸರ್ವರ್‌ಗೆ ಹೋಗುತ್ತದೆ. ಕಡತವೊಂದು ಮಾತ್ರ ಹೋಗುವುದಿಲ್ಲ. ಸರ್ವರ್ ಪುಟದ ಸಂಪೂರ್ಣ ಕಾರ್ಯಕ್ರಮವನ್ನು ಮೊದಲಿನಿಂದ ಕೊನೆಯವರೆಗೆ ನಡೆಸುತ್ತದೆ. ಮರಳಿ ಬರುವ ಉತ್ತರ ಮಾತ್ರ ಚಿಕ್ಕದು. ಆದುದರಿಂದ ಹಿಂದೆ ಹೇಳಿದ ಇಸ್‌ಪೋಸ್ಟ್‌ಬ್ಯಾಕ್ ಪ್ರಶ್ನೆಯನ್ನು ಇಲ್ಲಿಯೂ ಕೇಳಲೇಬೇಕು. ಚೀಟಿ ಭಾರವಾಗಿದ್ದರೆ ನಮ್ಮ ಹಳ್ಳಿಯ ದುರ್ಬಲ ಸಂಪರ್ಕದಲ್ಲಿ ಭಾಗಶಃ ನವೀಕರಣವೂ ನಿಧಾನವೇ. ನಿಜವಾಗಿಯೂ ಚಿಕ್ಕ ಟಪಾಲು ಬೇಕಾದರೆ ಚೌಕಟ್ಟನ್ನು ಬಿಟ್ಟು, ಜಿಲ್ಲೆಯ ಹೆಸರನ್ನಷ್ಟೇ ಕಳುಹಿಸಿ ತಾಲೂಕುಗಳ ಪಟ್ಟಿಯನ್ನಷ್ಟೇ ತರಿಸಿಕೊಳ್ಳುವಂತೆ ಬ್ರೌಸರ್‌ನಲ್ಲಿಯೇ ಕ್ರಮವಿಧಿಯನ್ನು ಬರೆಯಬೇಕು. ಇಂದಿನ ಹೊಸ ಪುಟಗಳಲ್ಲಿ ಹೆಚ್ಚಾಗಿ ನಡೆಯುವುದು ಇದೇ. ವೆಬ್ ಫಾರ್ಮ್ಸ್ ವಿಧಾನವನ್ನು ಮೈಕ್ರೋಸಾಫ್ಟ್ 2016ರಲ್ಲಿ ಬಂದ ತನ್ನ ಹೊಸ ಡಾಟ್ ನೆಟ್ ಕೋರ್‌ಗೆ ಕೊಂಡೊಯ್ಯಲಿಲ್ಲ. ಅದು ಹಳೆಯ ಡಾಟ್ ನೆಟ್ ಫ್ರೇಮ್‌ವರ್ಕ್‌ನಲ್ಲಿಯೇ ಉಳಿದಿದೆ. ವಿಧಾನ ಹಳೆಯದಾದರೂ ಅದು ಕಲಿಸುವ ಪಾಠ ಹಳೆಯದಾಗಿಲ್ಲ.

4. ನಮ್ಮ ನೋಂದಣಿ ನಮೂನೆಯ ಮೂರು ಪ್ರಯತ್ನಗಳು

ಸುವರ್ಣ ಮಹೋತ್ಸವಕ್ಕಾಗಿ ಹಳೆಯ ವಿದ್ಯಾರ್ಥಿಗಳ ನೋಂದಣಿಯನ್ನು ಜಾಲಪುಟದ ಮೂಲಕ ಮಾಡಬೇಕೆಂದು ಸಮಿತಿ ನಿರ್ಧರಿಸಿದಾಗ, ಆ ಶಿಷ್ಯನು ನಮೂನೆಯನ್ನು ರಚಿಸುವ ಹೊಣೆ ಹೊತ್ತನು, ನಾನು ಪರೀಕ್ಷಕನಾದೆ. ಹೆಸರು, ಶಾಲೆ ಬಿಟ್ಟ ವರ್ಷ, ಈಗಿರುವ ರಾಜ್ಯ, ಜಿಲ್ಲೆ, ತಾಲೂಕು, ಭಾವಚಿತ್ರ, ಇಷ್ಟೇ ಅದರ ವಿಷಯ.

ಮೊದಲನೆಯ ಪ್ರಯತ್ನದಲ್ಲಿ ಎಲ್ಲವೂ ಪೂರ್ಣ ಮರುಟಪಾಲು. ಮಹಾರಾಷ್ಟ್ರವನ್ನು ಆರಿಸಿದರೆ ಪುಟ ಹೋಗಿ 36 ಜಿಲ್ಲೆಗಳೊಡನೆ ಬರುತ್ತಿತ್ತು. ಸೋಲಾಪುರವನ್ನು ಆರಿಸಿದರೆ ಮತ್ತೆ ಹೋಗಿ 11 ತಾಲೂಕುಗಳೊಡನೆ ಬರುತ್ತಿತ್ತು. ಪ್ರತಿ ಸಲವೂ ಪುಟವು ತನ್ನ ತುದಿಗೆ ಮರಳುತ್ತಿದ್ದುದರಿಂದ ಎಲ್ಲಿದ್ದೆವೆಂದು ಹುಡುಕಬೇಕಾಗುತ್ತಿತ್ತು. ಮೊದಲೇ ಆರಿಸಿದ ಭಾವಚಿತ್ರ ಕಾಣೆಯಾಗುತ್ತಿತ್ತು. 2012ರ ಆ ಸಂಜೆಯೇ ನನ್ನ ಕಣ್ಣ ಮುಂದೆ ಬಂದಿತು.

ಎರಡನೆಯ ಪ್ರಯತ್ನದಲ್ಲಿ ಅವನು ಇಡೀ ನಮೂನೆಯನ್ನೇ ಒಂದು ದೊಡ್ಡ ಚೌಕಟ್ಟಿನೊಳಗೆ ಇಟ್ಟನು. ಪುಟ ಬಿಳಿಯಾಗುವುದು ನಿಂತಿತು. ನೋಡಲು ಬಹಳ ಹಿತವಾಗಿತ್ತು. ಆದರೆ ಸಲ್ಲಿಸಿದಾಗ ಭಾವಚಿತ್ರ ಸರ್ವರ್‌ಗೆ ಬರಲೇ ಇಲ್ಲ. ಹಿನ್ನೆಲೆಯ ಟಪಾಲು ಕಡತವನ್ನು ಹೊತ್ತೊಯ್ಯುವುದಿಲ್ಲವೆಂದು ಮೇಲೆ ಹೇಳಿದುದು ಇಲ್ಲಿ ಪ್ರತ್ಯಕ್ಷವಾಯಿತು. ಅದಕ್ಕಿಂತ ದೊಡ್ಡ ದೋಷ ಬೇರೆ ಇತ್ತು. ಸಂಪರ್ಕ ನಿಧಾನವಾಗಿದ್ದಾಗ ಸಲ್ಲಿಸುವ ಗುಂಡಿಯನ್ನು ಒತ್ತಿದರೆ ಪುಟ ಮೌನವಾಗಿ ನಿಂತಿರುತ್ತಿತ್ತು. ಪೂರ್ಣ ಮರುಟಪಾಲಿನಲ್ಲಿ ಪುಟ ಬಿಳಿಯಾಗುವುದು ಕಿರಿಕಿರಿಯಾದರೂ ಏನೋ ನಡೆಯುತ್ತಿದೆಯೆಂದು ಅದು ತಿಳಿಸುತ್ತದೆ. ಭಾಗಶಃ ನವೀಕರಣದಲ್ಲಿ ಆ ಸೂಚನೆಯೂ ಇಲ್ಲ.

"ಈಗ ಇನ್ನೊಮ್ಮೆ ಒತ್ತಿದರೆ ಏನಾಗುತ್ತದೆ, ತಮ್ಮಾ?" ಎಂದು ಕೇಳಿದೆ. ಅವನು ಕೊಟ್ಟ ಉತ್ತರಕ್ಕಾಗಿ ನಾನು ಹತ್ತಾರು ವರ್ಷ ಕಾದಿದ್ದೆನೆಂದರೆ ತಪ್ಪಾಗದು. ಮೊದಲನೆಯ ಟಪಾಲಿಗೆ ಉತ್ತರ ಬರುವ ಮುನ್ನ ಎರಡನೆಯದನ್ನು ಕಳುಹಿಸಿದರೆ, ಮೊದಲನೆಯದರ ಉತ್ತರಕ್ಕಾಗಿ ಕಾಯುವುದನ್ನು ಬ್ರೌಸರ್ ಕೈಬಿಡುತ್ತದೆ. ಆದರೆ ಕಾಯುವುದನ್ನು ಬಿಡುವುದು ಬೇರೆ, ಟಪಾಲನ್ನು ಹಿಂದಕ್ಕೆ ತರುವುದು ಬೇರೆ. ಪೆಟ್ಟಿಗೆಗೆ ಹಾಕಿದ ಕಾಗದವನ್ನು ಹಿಂದಕ್ಕೆ ಕರೆಯಲಾಗದು. ಸರ್ವರ್ ಆ ಮೊದಲನೆಯ ಅರ್ಜಿಯನ್ನು ಅಷ್ಟರಲ್ಲಿ ದಾಖಲಿಸಿಕೊಂಡಿರಬಹುದು, ಎರಡನೆಯದನ್ನೂ ದಾಖಲಿಸಿಕೊಳ್ಳುತ್ತದೆ.

ಇದನ್ನು ಕೇಳಿ ನಾನು ಬಹಳ ಹೊತ್ತು ಸುಮ್ಮನಿದ್ದೆ.

ಮೂರನೆಯ ಪ್ರಯತ್ನದಲ್ಲಿ ಇಬ್ಬರೂ ಕೂಡಿ ನಮೂನೆಯನ್ನು ಮರುವಿಂಗಡಿಸಿದೆವು. ಅದರ ಕ್ರಮವನ್ನು ಮುಂದೆ ಕೊಡುತ್ತೇನೆ.

5. ನಿರ್ವಹಣೆಯ ಕ್ರಮ

ಒಂದು: ಚೌಕಟ್ಟು ಚಿಕ್ಕದಿರಲಿ. ರಾಜ್ಯ, ಜಿಲ್ಲೆ, ತಾಲೂಕು ಈ ಮೂರು ಪಟ್ಟಿಗಳ ಸುತ್ತ ಮಾತ್ರ ಚೌಕಟ್ಟು ಹಾಕಿದೆವು. ಒಂದೇ ಪುಟದಲ್ಲಿ ಹಲವು ಚೌಕಟ್ಟುಗಳಿದ್ದರೆ, ಬೇರೆ ಹೇಳದ ಹೊರತು ಯಾವುದೊಂದು ಬದಲಾದರೂ ಎಲ್ಲವೂ ಬದಲಾಗುತ್ತವೆ. ತನ್ನ ಕಾರಣಕ್ಕೆ ಮಾತ್ರ ತಾನು ಬದಲಾಗಬೇಕೆಂದು ಪ್ರತಿಯೊಂದಕ್ಕೂ ಕಂಡೀಷನಲ್ ಎಂಬ ಷರತ್ತು ವಿಧಿಸಬೇಕು.

ಎರಡು: ಭಾವಚಿತ್ರ ಚೌಕಟ್ಟಿನ ಹೊರಗಿರಲಿ. ಹೊರಗಿರುವ ಭಾಗವನ್ನು ನವೀಕರಣ ಮುಟ್ಟುವುದಿಲ್ಲವಾದುದರಿಂದ, ಜಿಲ್ಲೆಯನ್ನು ಎಷ್ಟು ಸಲ ಬದಲಿಸಿದರೂ ಆರಿಸಿದ ಭಾವಚಿತ್ರ ಹಾಗೆಯೇ ಉಳಿಯುತ್ತದೆ. ಸಲ್ಲಿಸುವ ಗುಂಡಿ ಪೂರ್ಣ ಮರುಟಪಾಲನ್ನೇ ಮಾಡಬೇಕು. ಗುಂಡಿ ಚೌಕಟ್ಟಿನ ಒಳಗೇ ಇರಬೇಕಾದ ಸಂದರ್ಭದಲ್ಲಿ, ಇದು ಪೂರ್ಣ ಮರುಟಪಾಲಿನ ಗುಂಡಿಯೆಂದು ಪೋಸ್ಟ್‌ಬ್ಯಾಕ್ ಟ್ರಿಗರ್ ಎಂಬ ಸೂಚನೆಯ ಮೂಲಕ ತಿಳಿಸಬಹುದು.

ಮೂರು: ತಪ್ಪುಗಳನ್ನು ಮೊದಲು ಬ್ರೌಸರ್‌ನಲ್ಲಿಯೇ ಪರೀಕ್ಷಿಸಬೇಕು. ಇಲ್ಲವಾದರೆ ಹೆಸರು ಬರೆಯದಿದ್ದ ಒಂದು ತಪ್ಪಿಗಾಗಿ ಪೂರ್ಣ ಪುಟ ಹೋಗಿ ಬರುತ್ತದೆ. ಭಾವಚಿತ್ರವನ್ನು ಮತ್ತೆ ಆರಿಸಬೇಕಾಗುತ್ತದೆ. ಆದರೆ ಬ್ರೌಸರ್‌ನ ಪರೀಕ್ಷೆಯನ್ನು ತಪ್ಪಿಸಿ ಕಳುಹಿಸುವುದು ಸಾಧ್ಯವಾದುದರಿಂದ ಸರ್ವರ್ ತಾನೂ ಇನ್ನೊಮ್ಮೆ ಪರೀಕ್ಷಿಸಲೇಬೇಕು. ಮಾನಿಟರನು ಲೆಕ್ಕ ನೋಡಿದ ಮೇಲೂ ಮಾಸ್ತರನು ನೋಡುವುದಿಲ್ಲವೇ?

ನಾಲ್ಕು: ಮೌನ ಸಲ್ಲದು. ಹಿನ್ನೆಲೆಯಲ್ಲಿ ಟಪಾಲು ಹೋಗಿರುವಾಗ "ದಯವಿಟ್ಟು ಕಾಯಿರಿ" ಎಂಬ ಸಂದೇಶ ಕಾಣಬೇಕು. ಅದಕ್ಕೆ ಅಪ್‌ಡೇಟ್ ಪ್ರೋಗ್ರೆಸ್ ಎಂಬ ಸಾಧನವಿದೆ. ಉತ್ತರಕ್ಕಾಗಿ ಕಾಯುವ ಅವಧಿ, ನಾವು ಬದಲಿಸದಿದ್ದರೆ, 90 ಸೆಕೆಂಡು. ಅದು ಮೀರಿದರೆ ಅಥವಾ ಸಂಪರ್ಕ ಕಡಿದರೆ "ಪಟ್ಟಿ ಬರಲಿಲ್ಲ, ಮತ್ತೆ ಆರಿಸಿರಿ" ಎಂದು ತಿಳಿಯುವ ಭಾಷೆಯಲ್ಲಿ ಹೇಳಬೇಕು. ನಮ್ಮ ನಮೂನೆಯಲ್ಲಿ ಇವೆಲ್ಲವನ್ನೂ ಕನ್ನಡದಲ್ಲಿಯೇ ಬರೆಸಿದೆವು. ಕಣ್ಣು ಕಾಣದವರು ಪುಟವನ್ನು ಓದಿಹೇಳುವ ತಂತ್ರಾಂಶವನ್ನು ಬಳಸುತ್ತಾರೆ. ಮೂಲೆಯಲ್ಲಿ ಆದ ಬದಲಾವಣೆ ಅವರಿಗೆ ತಾನಾಗಿ ತಿಳಿಯದು. ಬದಲಾದ ಭಾಗವನ್ನು ಆ ತಂತ್ರಾಂಶ ಓದಿಹೇಳುವಂತೆ ಪುಟದಲ್ಲಿ ಗುರುತು ಹಾಕಬೇಕು.

ಐದು: ಎರಡು ಸಲ ಒತ್ತಿದರೂ ಒಂದೇ ಅರ್ಜಿಯಾಗಬೇಕು. ಒತ್ತಿದ ಗುಂಡಿಯನ್ನು ನಿಷ್ಕ್ರಿಯಗೊಳಿಸುವುದು ಒಳ್ಳೆಯದು, ಆದರೆ ಸಾಲದು. ಪುಟವು ಮೊದಲ ಬಾರಿ ತೆರೆದಾಗಲೇ ಅದಕ್ಕೆ ಬೇರಾವುದಕ್ಕೂ ಇಲ್ಲದ ಒಂದು ಗುಪ್ತ ಕ್ರಮಾಂಕವನ್ನು ಕೊಡಬೇಕು. ಆ ಕ್ರಮಾಂಕದ ಅರ್ಜಿಯನ್ನು ದಾಖಲೆಯಲ್ಲಿ ಒಮ್ಮೆ ಮಾತ್ರ ಬರೆಯುವಂತೆ ಕಟ್ಟಳೆ ಇರಬೇಕು. ಅದೇ ಕ್ರಮಾಂಕದ ಎರಡನೆಯ ಟಪಾಲು ಬಂದರೆ ತಿರಸ್ಕರಿಸಬಾರದು. "ನಿಮ್ಮ ಅರ್ಜಿ ಆಗಲೇ ತಲುಪಿದೆ" ಎಂದು ಮೊದಲನೆಯದರ ಪಾವತಿಯನ್ನೇ ತೋರಿಸಬೇಕು.

ಆರು: ಸಲ್ಲಿಕೆಯಾದ ಮೇಲೆ ಅದೇ ಪುಟದಲ್ಲಿ ನಿಲ್ಲಬಾರದು. ನಿಂತರೆ, ಯಾರಾದರೂ ಪುಟವನ್ನು ಹೊಸದಾಗಿಸಿದಾಗ ಅದೇ ಟಪಾಲನ್ನು ಮತ್ತೆ ಕಳುಹಿಸಬೇಕೇ ಎಂದು ಬ್ರೌಸರ್ ಕೇಳುತ್ತದೆ, ತಿಳಿಯದವರು ಹೌದೆನ್ನುತ್ತಾರೆ. ಆದುದರಿಂದ ದಾಖಲಾದ ಕೂಡಲೇ ಸರ್ವರ್ ಬ್ರೌಸರನ್ನು ಬೇರೊಂದು ಪುಟಕ್ಕೆ ಕಳುಹಿಸಬೇಕು. ಅಲ್ಲಿ ಅರ್ಜಿಯ ಕ್ರಮಾಂಕ, ದಿನಾಂಕ, ವೇಳೆ ಇರಬೇಕು. ಆ ಪುಟವನ್ನು ಎಷ್ಟು ಸಲ ಹೊಸದಾಗಿಸಿದರೂ ಅರ್ಜಿ ಮತ್ತೆ ಹೋಗುವುದಿಲ್ಲ.

ಸಾರಾಂಶವಾಗಿ ಹೇಳುವುದಾದರೆ, ಪಟ್ಟಿ ತರಿಸುವುದು, ಹೆಸರು ಪರಿಶೀಲಿಸುವುದು ಮೊದಲಾದ ನಡುವಣ ಕೆಲಸಗಳಿಗೆ ಭಾಗಶಃ ನವೀಕರಣ ಯೋಗ್ಯ. ಕಡತ ಕಳುಹಿಸುವುದು, ಅರ್ಜಿ ಸಲ್ಲಿಸುವುದು ಮೊದಲಾದ ಅಂತಿಮ ಕೆಲಸಗಳಿಗೆ ಪೂರ್ಣ ಮರುಟಪಾಲು, ಅದರ ಬೆನ್ನಿಗೇ ಪಾವತಿಯ ಪುಟ, ಇದು ಯೋಗ್ಯ.

6. ಪಾವತಿಯ ಧರ್ಮ

ನನ್ನ ಸೇವಾವಧಿಯಲ್ಲಿ ಪ್ರತಿಯೊಂದು ಶಾಲೆಯಲ್ಲಿಯೂ ಆವಕ-ಜಾವಕ ರಜಿಸ್ಟರು ಇರುತ್ತಿತ್ತು. ಬಂದ ಕಾಗದಕ್ಕೆ ಆವಕ ಕ್ರಮಾಂಕ, ಹೋದ ಕಾಗದಕ್ಕೆ ಜಾವಕ ಕ್ರಮಾಂಕ. ತಂದೆಯೊಬ್ಬನು ಮಗನ ಶಾಲೆ ಬಿಟ್ಟ ದಾಖಲೆಗಾಗಿ ಅರ್ಜಿ ಕೊಟ್ಟರೆ, ಅದರ ಪ್ರತಿಯ ಮೇಲೆ ಕ್ರಮಾಂಕ ಬರೆದು ಸಹಿ ಮಾಡಿ ಅವನ ಕೈಗೆ ಕೊಡಬೇಕಿತ್ತು. ಅವನಿಗೆ ಓದು ಬಾರದಿದ್ದರೂ ಆ ಸಹಿಯನ್ನು ನೋಡಿ ನೆಮ್ಮದಿಯಿಂದ ಊರಿಗೆ ಹೋಗುತ್ತಿದ್ದನು. ಅರ್ಜಿ ಕೊಟ್ಟವನಿಗೆ "ತಲುಪಿತು" ಎಂದು ಹೇಳುವುದು ಕಚೇರಿಯ ಕೃಪೆಯಲ್ಲ, ಕರ್ತವ್ಯ. ಕಾಗದ ಹೋಗಿ ಯಂತ್ರ ಬಂದ ಮಾತ್ರಕ್ಕೆ ಆ ಕರ್ತವ್ಯ ಮುಗಿಯುವುದಿಲ್ಲ.

ಗಡಿನಾಡಿನ ಕನ್ನಡ ಶಾಲೆಯ ಮಕ್ಕಳಿಗೆ ಇದು ಇತರರಿಗಿಂತ ಹೆಚ್ಚು ಅಗತ್ಯ. ನಾವು ತುಂಬುವ ಅರ್ಜಿಗಳು ಬಹುಮಟ್ಟಿಗೆ ನಮ್ಮ ಮನೆಮಾತಿನಲ್ಲಿರುವುದಿಲ್ಲ. ಭಾಷೆ ಪೂರ್ತಿ ತಿಳಿಯದವನು ಪುಟದ ಚಲನೆಯನ್ನು ನೋಡಿ ಅರ್ಥ ಊಹಿಸುತ್ತಾನೆ. ಪುಟ ಕದಲಿದರೆ ಹೋಯಿತೆಂದೂ, ಕದಲದಿದ್ದರೆ ಹೋಗಲಿಲ್ಲವೆಂದೂ ಭಾವಿಸುತ್ತಾನೆ. ಎರಡೂ ತಪ್ಪು. ಪುಟ ಕದಲದೆ ಅರ್ಜಿ ಹೋಗಬಹುದು. ಪುಟ ಕದಲಿಯೂ ಹೋಗದಿರಬಹುದು. ಕ್ರಮಾಂಕ ಬಂದಿತೇ ಎಂಬುದೊಂದೇ ಕೇಳಬೇಕಾದ ಪ್ರಶ್ನೆ.

7. ಅಭ್ಯಾಸ

ಪಾಠದ ಕೊನೆಗೆ ಅಭ್ಯಾಸವಿಲ್ಲದಿದ್ದರೆ ನನ್ನ ಹಳೆಯ ವಿದ್ಯಾರ್ಥಿಗಳು ನಂಬಲಾರರು. ಆದುದರಿಂದ ಅರ್ಜಿ ತುಂಬುವ ಮಕ್ಕಳಿಗೆ ನಾಲ್ಕು ಸೂಚನೆಗಳು.

(1) ಪಟ್ಟಿಗಳನ್ನು ಮೊದಲು ಆರಿಸಿರಿ. ಭಾವಚಿತ್ರವನ್ನು ಎಲ್ಲಕ್ಕಿಂತ ಕೊನೆಯಲ್ಲಿ ಆರಿಸಿರಿ.
(2) ಸಲ್ಲಿಸುವ ಗುಂಡಿಯನ್ನು ಒಮ್ಮೆ ಒತ್ತಿ, ಕೈ ತೆಗೆದು, ಕನಿಷ್ಠ ಎರಡು ನಿಮಿಷ ಕಾಯಿರಿ.
(3) ಏನೂ ಆಗದಿದ್ದರೆ ಮತ್ತೆ ಒತ್ತುವ ಮೊದಲು, ಸಲ್ಲಿಸಿದ ಅರ್ಜಿಯನ್ನು ನೋಡುವ ಸೌಕರ್ಯ ಆ ಜಾಲತಾಣದಲ್ಲಿದ್ದರೆ ಅಲ್ಲಿ ನೋಡಿರಿ.
(4) ಕ್ರಮಾಂಕವನ್ನು ವಹಿಯಲ್ಲಿ ಕೈಯಾರೆ ಬರೆದಿಟ್ಟುಕೊಳ್ಳಿರಿ. ಕ್ರಮಾಂಕವಿಲ್ಲದ ಅರ್ಜಿಯನ್ನು ಅರ್ಜಿಯೆಂದು ಎಣಿಸಬೇಡಿರಿ.

ನಮೂನೆಗಳನ್ನು ರಚಿಸುವ ಕೆಲಸದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಒಂದೇ ಪ್ರಶ್ನೆ: ನಿಮ್ಮ ನಮೂನೆಯನ್ನು ನಿಧಾನವಾದ ಸಂಪರ್ಕದಲ್ಲಿ, ಹಳ್ಳಿಯೊಂದರಲ್ಲಿ ಕುಳಿತು, ಕೊನೆಯ ದಿನದ ಸಂಜೆ ತುಂಬುವವರಂತೆ ಒಮ್ಮೆಯಾದರೂ ತುಂಬಿ ನೋಡಿದ್ದೀರಾ?

ನಮ್ಮ ನೋಂದಣಿ ಆರಂಭವಾದ ಎರಡನೆಯ ವಾರದಲ್ಲಿ ಬಂದ ಹೆಸರುಗಳನ್ನು ಓದುತ್ತಿದ್ದಾಗ ಪರಿಚಿತವಾದ ಒಂದು ಹೆಸರು ಕಂಡಿತು. 2012ರ ಆ ಹುಡುಗಿಯೇ. ಈಗ ಕಲಬುರಗಿ ಜಿಲ್ಲೆಯ ಆಳಂದ ತಾಲೂಕಿನಲ್ಲಿದ್ದಾಳೆ. ದಾಖಲೆಯನ್ನು ನೋಡಿದಾಗ, ಅವಳ ಊರಿನ ಸಂಪರ್ಕ ನಿಧಾನವಿದ್ದಿರಬೇಕು, ಸಲ್ಲಿಸುವ ಗುಂಡಿಯನ್ನು ಎರಡು ಸಲ ಒತ್ತಿದ್ದು ತಿಳಿಯಿತು. ಟಪಾಲು ಎರಡು ಬಂದಿದ್ದವು. ನೋಂದಣಿ ಒಂದೇ ಆಗಿತ್ತು. ಪಾವತಿಯ ಕ್ರಮಾಂಕ ಅವಳಿಗೆ ಹೋಗಿತ್ತು. ಅವಳಿಗೆ ದೂರವಾಣಿ ಮಾಡಿ ಮಹೋತ್ಸವಕ್ಕೆ ಬರಬೇಕೆಂದು ಹೇಳಿದೆ. "ಬರ್ತೀನಿ ಗುರುಗಳೇ, ಮಗಳನ್ನೂ ಕರ್ಕೊಂಡು ಬರ್ತೀನಿ" ಎಂದಳು. ಹಳೆಯ ಮಾತನ್ನು ಅವಳು ಎತ್ತಲಿಲ್ಲ. ನಾನೂ ದೂರವಾಣಿಯಲ್ಲಿ ಎತ್ತಲಿಲ್ಲ. ಎದುರಿಗೆ ಬಂದಾಗ ಹೇಳಬೇಕಾದುದನ್ನು ಹೇಳುವೆನು.

ಗಡಿಯಾಚೆ ನಿಂತು ಐವತ್ತು ವರ್ಷ ಕನ್ನಡದ ದೀಪವನ್ನು ಕಾಯ್ದುಕೊಂಡು ಬಂದಿರುವ ಈ ಶಾಲೆಯು ಶತಮಾನೋತ್ಸವವನ್ನೂ ಕಾಣಲಿ, ಇಲ್ಲಿಂದ ಹೋಗುವ ಮಕ್ಕಳ ಒಂದೊಂದು ಅರ್ಜಿಯೂ ತಲುಪಬೇಕಾದಲ್ಲಿಗೆ ತಲುಪಲಿ ಎಂದು ಹಾರೈಸಿ ಈ ಪಾಠವನ್ನು ಮುಗಿಸುತ್ತೇನೆ.